ಎಲ್ಲರೂ ತಮ್ಮ ಕೆಲಸ ಸರಿಯಾಗಿ ಮಾಡಿದರೂ ಊರು ಯಾಕೆ ನಿಲ್ಲುತ್ತದೆ? ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಗ್ರೇಟರ್ ಬೆಂಗಳೂರು ಪ್ರಾಧಿಕಾರ,
ಬೆಂಗಳೂರು.

ವಿಷಯ: ನೀರು, ವಿದ್ಯುತ್, ಒಳಚರಂಡಿ, ರಾಜಕಾಲುವೆ, ರಸ್ತೆ, ಮೊಬೈಲ್ ಜಾಲ ಇವೆಲ್ಲ ಒಂದರ ಮೇಲೊಂದು ಹೇಗೆ ನಿಂತಿವೆ ಎಂದು ತೋರಿಸುವ ಕಂಪ್ಯೂಟರ್ ಮಾದರಿಯನ್ನು ಎಲ್ಲ ಸಂಸ್ಥೆಗಳೂ ಸೇರಿ ರೂಪಿಸುವ ಬಗ್ಗೆ.

ಮಾನ್ಯರೇ,

2022ರ ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನ ಪೂರ್ವ ಭಾಗ ಮಳೆ ನೀರಿನಲ್ಲಿ ನಿಂತಿತ್ತು. ಹೊರವರ್ತುಲ ರಸ್ತೆಯ ಹತ್ತಿರ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಅದೇ ವಾರ ನಗರದ ಹಲವು ಬಡಾವಣೆಗಳ ನಲ್ಲಿಯಲ್ಲಿ ನೀರು ಬರಲಿಲ್ಲ. ಅದಕ್ಕೆ ಕಾರಣ ಬೆಂಗಳೂರಿನ ಒಳಗೆ ಇರಲೇ ಇಲ್ಲ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯ ಪಂಪ್‌ಹೌಸ್‌ಗೆ ನೆರೆ ನುಗ್ಗಿತ್ತು. ಎಲ್ಲರ ಬಾಯಲ್ಲಿ ಟಿ.ಕೆ. ಹಳ್ಳಿ ಅನ್ನಿಸಿಕೊಳ್ಳುವ ಆ ಊರಿನಿಂದಲೇ ಕಾವೇರಿ ನೀರು ನಮ್ಮ ಕಡೆಗೆ ಹೊರಡುವುದು. ಯಂತ್ರಗಳು ಮುಳುಗಿದವು. ಆಗಿನ ಮುಖ್ಯಮಂತ್ರಿಗಳೇ ಅಲ್ಲಿಗೆ ಹೋಗಿ ನೋಡಿದರು. ನೀರು ಹೊರಹಾಕಿ, ಮೋಟಾರು ಒಣಗಿಸಿ, ಪಂಪ್ ಮತ್ತೆ ಓಡುವಂತೆ ಮಾಡಿದ ಎಂಜಿನಿಯರ್‌ಗಳಿಗೂ ಕೆಲಸಗಾರರಿಗೂ ಈ ಊರು ಋಣಿಯಾಗಿರಬೇಕು.

ಆ ವಾರದ ಚರ್ಚೆಯೆಲ್ಲ ರಾಜಕಾಲುವೆ ಒತ್ತುವರಿಯ ಸುತ್ತ ನಡೆಯಿತು. ಒತ್ತುವರಿ ದೊಡ್ಡ ಸಮಸ್ಯೆ, ಎರಡು ಮಾತಿಲ್ಲ. ಆದರೆ ಆ ವಾರ ಇನ್ನೊಂದು ವಿಷಯವನ್ನೂ ತೋರಿಸಿತು. ಅದನ್ನು ಯಾರೂ ಜಾಸ್ತಿ ಮಾತಾಡಲಿಲ್ಲ. ಒಂದು ಸೇವೆ ಬಿದ್ದರೆ ಅದರ ಹಿಂದೆ ಯಾವ ಯಾವ ಸೇವೆ ಬೀಳುತ್ತದೆ? ಎಷ್ಟು ಹೊತ್ತಿನಲ್ಲಿ ಬೀಳುತ್ತದೆ? ಎಲ್ಲಿ ಬೀಳುತ್ತದೆ? ಈ ಲೆಕ್ಕ ಒಬ್ಬ ಅಧಿಕಾರಿಯ ಮೇಜಿನ ಮೇಲೆ ಒಟ್ಟಾಗಿ ಸಿಗುವಂತೆ ಇರಲಿಲ್ಲ. ಅದರ ತುಂಡುಗಳು ಬೇರೆ ಬೇರೆ ಕಚೇರಿಗಳಲ್ಲಿದ್ದವು. ನನ್ನ ದೂರು ಅದರ ಬಗ್ಗೆಯೇ.

ನಾನು ನಕ್ಷೆಯ ಕೆಲಸ ಮಾಡುವ ವ್ಯಕ್ತಿ. ಕಂಪ್ಯೂಟರ್ ಮುಂದೆ ಕೂತು ರಸ್ತೆ, ಚರಂಡಿ, ಕೆರೆ, ಕಾಲುವೆಗಳನ್ನು ಪದರ ಪದರವಾಗಿ ಜೋಡಿಸುವುದು ನನ್ನ ಹೊಟ್ಟೆಪಾಡು. ನಗರದ ಪೂರ್ವ ಭಾಗದಲ್ಲೇ ವಾಸ. ಹಾಗಾಗಿ 2022ರ ಆ ವಾರವನ್ನು ಮನೆಯಲ್ಲೂ ಕಂಡೆ, ಆಮೇಲೆ ಕೆಲಸದಲ್ಲೂ ಕಂಡೆ.

ನಮ್ಮ ಬೀದಿಯಲ್ಲಿ ಆದದ್ದು ಇಷ್ಟು. ನೀರು ಏರುತ್ತಿದ್ದಂತೆ ಕರೆಂಟ್ ತೆಗೆದರು. ಅದು ಸರಿಯಾದ ಕೆಲಸ. ರಸ್ತೆ ಬದಿಯ ಟ್ರಾನ್ಸ್‌ಫಾರ್ಮರ್ ಕಟ್ಟೆಯವರೆಗೆ ನೀರು ಬಂದಿದ್ದಾಗ ಲೈನ್ ಚಾಲೂ ಇಟ್ಟಿದ್ದರೆ ಜನ ಸಾಯುತ್ತಿದ್ದರು. ಆದರೆ ಕೊಳಚೆ ನೀರನ್ನು ಮೇಲೆತ್ತುವ ಪಂಪ್ ಕೂಡ ಅದೇ ಫೀಡರ್ ಮೇಲೆ, ಅಂದರೆ ಸಬ್‌ಸ್ಟೇಷನ್‌ನಿಂದ ಬರುವ ಅದೇ ವಿದ್ಯುತ್ ಲೈನ್ ಮೇಲೆ ಇತ್ತು. ಅದು ನಿಂತಿತು. ಸ್ವಲ್ಪ ಹೊತ್ತಿಗೆ ಮ್ಯಾನ್‌ಹೋಲ್ ಉಕ್ಕಿ ಮಳೆ ನೀರಿಗೆ ಕೊಳಚೆ ಸೇರಿತು. ನೆಲಮಾಳಿಗೆಯ ಸಂಪ್‌ಗಳಿಗೆ ಆ ನೀರು ಇಳಿಯಿತು. ಕೊಳವೆಬಾವಿಯ ಮೋಟಾರ್‌ಗೂ ಕರೆಂಟ್ ಇಲ್ಲ. ಟ್ಯಾಂಕರ್ ತರಿಸೋಣ ಎಂದರೆ ರಸ್ತೆ ಇಲ್ಲ. ಸಂಜೆಯ ಹೊತ್ತಿಗೆ ಮೊಬೈಲ್ ಟವರ್‌ನ ಬ್ಯಾಟರಿ ಮುಗಿಯಿತು. ಟವರ್‌ಗೆ ಡೀಸೆಲ್ ತರುವ ಗಾಡಿಗೂ ಅದೇ ರಸ್ತೆಯೇ ಬೇಕಲ್ವಾ? ಮೇಲಿನ ಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಮೇಲಿದ್ದ ಹಿರಿಯರೊಬ್ಬರನ್ನು ದೋಣಿಯಲ್ಲಿ ಇಳಿಸಿಕೊಂಡು ಹೋಗಬೇಕಾಯಿತು. ಆಂಬುಲೆನ್ಸ್‌ಗೆ ಫೋನ್ ಮಾಡಲು ಒಬ್ಬರು ಮುಖ್ಯರಸ್ತೆಯವರೆಗೆ ನೀರಲ್ಲಿ ನಡೆದು ಹೋದರು.

ಇದರಲ್ಲಿ ಯಾರ ಕಡೆ ಬೆರಳು ತೋರಿಸಲಿ? ಕರೆಂಟ್ ತೆಗೆದವರು ಸರಿ ಮಾಡಿದರು. ಪಂಪ್ ನೋಡಿಕೊಳ್ಳುವವರು ಜಾಗ ಬಿಟ್ಟು ಹೋಗಲಿಲ್ಲ. ಟವರ್‌ನವರು ಬ್ಯಾಟರಿ ಇಟ್ಟಿದ್ದರು. ಪ್ರತಿಯೊಬ್ಬರೂ ತಮ್ಮ ಪುಸ್ತಕದಲ್ಲಿ ಬರೆದಿದ್ದನ್ನು ಮಾಡಿದರು. ಆದರೂ ಬೀದಿ ಪೂರ್ತಿ ಬಿದ್ದುಹೋಯಿತು. ಈ ಫೀಡರ್ ತೆಗೆದರೆ ಆ ಪಂಪ್ ನಿಲ್ಲುತ್ತದೆ, ಆ ಪಂಪ್ ನಿಂತು ಇಷ್ಟು ಹೊತ್ತಾದರೆ ಕೊಳಚೆ ಉಕ್ಕುತ್ತದೆ, ಹಾಗಾಗಿ ಮೊದಲೇ ಅಲ್ಲಿಗೊಂದು ಜನರೇಟರ್ ಕಳಿಸಿ ಎಂದು ಹೇಳುವ ಒಂದು ಸಾಲು ಯಾರ ಪುಸ್ತಕದಲ್ಲೂ ಇರಲಿಲ್ಲ. ಆ ಸಾಲು ಎರಡು ಸಂಸ್ಥೆಗಳ ನಡುವೆ ಬರುತ್ತದೆ. ಅದನ್ನು ಬರೆಯುವುದು ಯಾರ ಕೆಲಸವೂ ಆಗಿರಲಿಲ್ಲ.

ಆಮೇಲೆ ಒಂದು ಸಣ್ಣ ಪ್ರದೇಶಕ್ಕೆ ನೆರೆ ನಕ್ಷೆ ಮಾಡುವ ಕೆಲಸ ನಮ್ಮ ತಂಡಕ್ಕೆ ಬಂತು. ಕಚೇರಿಯಿಂದ ಕಚೇರಿಗೆ ಹೋಗಿ ಡ್ರಾಯಿಂಗ್ ಕೇಳಿದೆವು. ಹೆಸರು ಹೇಳುವುದಿಲ್ಲ. ಯಾರನ್ನೂ ಸಿಕ್ಕಿಸುವುದು ನನ್ನ ಉದ್ದೇಶವಲ್ಲ. ಒಂದು ಕಡೆ ಕಾಗದದ ಮೇಲಿನ ಹಳೇ ಡ್ರಾಯಿಂಗ್ ಸಿಕ್ಕಿತು. ಇನ್ನೊಂದು ಕಡೆ ಆಟೋಕ್ಯಾಡ್ ಫೈಲ್ ಸಿಕ್ಕಿತು, ಆದರೆ ಅದರಲ್ಲಿ ಅಕ್ಷಾಂಶ ರೇಖಾಂಶ ಇರಲಿಲ್ಲ. ಮೂರನೆಯ ಕಡೆ ಭದ್ರತೆಯ ಕಾರಣಕ್ಕೆ ಕೊಡಲಾಗದು ಎಂದರು. ಲಿಖಿತವಾಗಿ ಕೊಡಿ ಎಂದರೆ ಅದನ್ನೂ ಕೊಡಲಿಲ್ಲ. ಒಂದು ನಕ್ಷೆಯಲ್ಲಿ ಎತ್ತರವನ್ನು ಸಮುದ್ರ ಮಟ್ಟದಿಂದ ಅಳೆದಿದ್ದರು. ಇನ್ನೊಂದರಲ್ಲಿ ಸೈಟ್ ಪಕ್ಕದ ಒಂದು ಕಲ್ಲನ್ನೇ 100 ಮೀಟರ್ ಎಂದು ಹಿಡಿದು ಅಲ್ಲಿಂದ ಅಳೆದಿದ್ದರು. ಎರಡನ್ನೂ ಹೊಂದಿಸೋಣ ಎಂದರೆ ಆ ಕಲ್ಲು ರಸ್ತೆ ಅಗಲ ಮಾಡುವಾಗಲೇ ಹೋಗಿತ್ತು. ನೆರೆ ಲೆಕ್ಕದಲ್ಲಿ ಅರ್ಧ ಅಡಿ ಸಣ್ಣ ಮಾತಲ್ಲ. ರಸ್ತೆ ಬದಿಯ ಆರ್‌ಎಂಯು, ಅಂದರೆ ವಿದ್ಯುತ್ ಸ್ವಿಚ್‌ಗಳಿರುವ ಪೆಟ್ಟಿಗೆ ಉಳಿಯುತ್ತದೋ ಮುಳುಗುತ್ತದೋ ಎಂಬುದು ಆ ಅರ್ಧ ಅಡಿಯಲ್ಲೇ ತೀರ್ಮಾನವಾಗುತ್ತದೆ.

ಗಡಿಗಳದ್ದೂ ಇದೇ ಕಥೆ. ಪಾಲಿಕೆಗೆ ವಾರ್ಡ್, ಜಲಮಂಡಳಿಗೆ ಸೇವಾ ಠಾಣೆ, ಬೆಸ್ಕಾಂಗೆ ಉಪವಿಭಾಗ, ಪೊಲೀಸರಿಗೆ ಠಾಣಾ ಸರಹದ್ದು. ಒಂದರ ಗೆರೆ ಇನ್ನೊಂದರ ಗೆರೆಗೆ ಕೂಡುವುದಿಲ್ಲ. ಒಂದೇ ಬೀದಿ ನಾಲ್ಕು ಕಡೆ ನಾಲ್ಕು ಹೆಸರಲ್ಲಿ ಇರುತ್ತದೆ. ರಾತ್ರಿ ಎರಡು ಗಂಟೆಗೆ ನಿಯಂತ್ರಣ ಕೊಠಡಿಯಲ್ಲಿ ಕೂತವರಿಗೆ ಆ ಬೀದಿ ಯಾರದ್ದು ಎಂದು ಹುಡುಕುವುದರಲ್ಲೇ ಸಮಯ ಹೋಗುತ್ತದೆ. ಈಗ ಒಂದು ಪಾಲಿಕೆಯ ಜಾಗದಲ್ಲಿ ಐದು ಪಾಲಿಕೆಗಳು ಬಂದಿವೆ. ಆಡಳಿತ ಜನರಿಗೆ ಹತ್ತಿರವಾಗಲಿ ಎಂಬ ಆಶಯ ಒಳ್ಳೆಯದೇ. ಆದರೆ ಮಳೆ ನೀರು ಪಾಲಿಕೆಯ ಗಡಿ ನೋಡಿ ಹರಿಯುವುದಿಲ್ಲ. ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ ಕಣಿವೆಗಳು ಇದ್ದಲ್ಲೇ ಇವೆ. ಮೇಲಿನ ಪಾಲಿಕೆ ಕಾಲುವೆ ಸ್ವಚ್ಛ ಮಾಡಿ ನೀರು ಬೇಗ ಕಳಿಸಿದರೆ ಕೆಳಗಿನ ಪಾಲಿಕೆಯ ಬಡಾವಣೆಗೆ ಅದು ಬೇಗ ತಲುಪುತ್ತದೆ. ಹೊಸ ಗೆರೆ ಎಳೆದಷ್ಟೂ ಸೇರಿ ಲೆಕ್ಕ ಹಾಕುವ ಅಗತ್ಯ ಜಾಸ್ತಿಯಾಗಿದೆ.

ನೀರಿನ ಕಡೆಯ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಲು ಅನುಮತಿ ಕೊಡಿ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಊರಿಗೆ ಹತ್ತಿರದಲ್ಲಿ ದೊಡ್ಡ ನದಿ ಇಲ್ಲ. 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ನೀರು ತಂದರು. 1974ರಿಂದ ಕಾವೇರಿ. ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆ, ಟಿ.ಕೆ. ಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಹಂತ ಹಂತವಾಗಿ ಪಂಪ್ ಮಾಡಿ ತರುತ್ತಾರೆ. ಕರೆಂಟ್ ಇಲ್ಲದಿದ್ದರೆ ಒಂದು ಹನಿಯೂ ಮೇಲೆ ಬರುವುದಿಲ್ಲ. ಜಲಮಂಡಳಿಯ ಖರ್ಚಿನಲ್ಲಿ ದೊಡ್ಡ ಪಾಲು ವಿದ್ಯುತ್ ಬಿಲ್ಲಿಗೇ ಹೋಗುತ್ತದೆ. ಅಂದರೆ ನಮ್ಮ ನೀರಿನ ವ್ಯವಸ್ಥೆ ಅರ್ಧದಷ್ಟು ವಿದ್ಯುತ್ ವ್ಯವಸ್ಥೆಯೇ. ಆದರೂ ಎರಡರ ಯೋಜನೆ ಎರಡು ಕಡೆ ನಡೆಯುತ್ತದೆ.

2024ರ ಬೇಸಿಗೆಯಲ್ಲಿ ಕೊರತೆ ಎಷ್ಟು ಎಂದು ಸರ್ಕಾರವೇ ಹೇಳಿತ್ತು. ದಿನಕ್ಕೆ 2600 ದಶಲಕ್ಷ ಲೀಟರ್ ಬೇಕು, ಕಾವೇರಿಯಿಂದ 1470, ಕೊಳವೆಬಾವಿಗಳಿಂದ 650 ಸಿಗುತ್ತಿದೆ, ಸುಮಾರು 500 ಕೊರತೆ ಇದೆ ಎಂದಿತ್ತು. 14,000 ಕೊಳವೆಬಾವಿಗಳಲ್ಲಿ 6,900 ಬತ್ತಿದ್ದವು. ಆ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ದಿನಕ್ಕೆ 775 ದಶಲಕ್ಷ ಲೀಟರ್ ಹೆಚ್ಚಿನ ನೀರು, 110 ಹಳ್ಳಿಗಳಿಗೆ ಕಾವೇರಿ. ಬಹಳ ದೊಡ್ಡ ಕೆಲಸ. ಆ ಹಳ್ಳಿಗಳ ಹೆಂಗಸರು ಎಷ್ಟು ವರ್ಷ ಟ್ಯಾಂಕರ್‌ಗೆ ಕಾದಿದ್ದಾರೆ ಎಂದು ನಾನು ನೋಡಿದ್ದೇನೆ. ಆದರೆ ಈ ಹೊಸ ನೀರೂ ಟಿ.ಕೆ. ಹಳ್ಳಿಯ ಮೂಲಕವೇ ಬರುತ್ತದೆ. 2022ರಲ್ಲಿ ಒಂದು ರಾತ್ರಿಯ ಮಳೆಗೆ ಮುಳುಗಿದ ಊರಿನ ಮೇಲೆ ಈಗ ಇನ್ನೂ ಜಾಸ್ತಿ ಭಾರ ಬಿದ್ದಿದೆ. ಅಲ್ಲಿ ಪಂಪ್ ಮೂರು ದಿನ ನಿಂತರೆ ಬೆಂಗಳೂರಿನಲ್ಲಿ ಯಾವ ಆಸ್ಪತ್ರೆಯ ಸಂಪ್ ಮೊದಲು ಖಾಲಿಯಾಗುತ್ತದೆ? ಒಂದು ಸಲದ ಡಯಾಲಿಸಿಸ್‌ಗೇ 100 ಲೀಟರಿಗಿಂತ ಹೆಚ್ಚು ಶುದ್ಧ ನೀರು ಬೇಕು. ಅಗ್ನಿಶಾಮಕ ಠಾಣೆಗಳು ಎಲ್ಲಿಂದ ತುಂಬಿಕೊಳ್ಳುತ್ತವೆ? ಯಾವ ಎತ್ತರದ ಟ್ಯಾಂಕಿನಲ್ಲಿ ಎಷ್ಟು ಗಂಟೆಯ ನೀರಿದೆ? ಅಂಥ ಲೆಕ್ಕ ಸಿದ್ಧವಿದ್ದರೆ ದಯವಿಟ್ಟು ಜನರ ಮುಂದೆ ಇಡಿ. ಇಲ್ಲದಿದ್ದರೆ ಅದನ್ನು ಮಾಡಿಸುವ ಹೊಣೆ ತಮ್ಮದು.

ನಮ್ಮಲ್ಲಿ ಏನೂ ಇಲ್ಲ ಎಂದು ನಾನು ಹೇಳುತ್ತಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ನಗರದ ತುಂಬ ಮಳೆಮಾಪಕ ಇಟ್ಟಿದೆ, ರಾಜಕಾಲುವೆಗಳಲ್ಲಿ ನೀರಿನ ಮಟ್ಟ ಅಳೆಯುವ ಸೆನ್ಸರ್ ಹಾಕಿದೆ. ಭಾರತೀಯ ವಿಜ್ಞಾನ ಸಂಸ್ಥೆಯವರು ಅವರ ಜೊತೆ ಸೇರಿ ನಗರದ ನೆರೆಗೆ ಮಾದರಿ ಕಟ್ಟಿದರು. ಮಳೆ, ನೆರೆಯ ಮುನ್ಸೂಚನೆ ಕೊಡುವ ಮೇಘ ಸಂದೇಶ ಆ್ಯಪ್ ಅದರಿಂದಲೇ ಬಂತು. ರಾಜ್ಯ ದೂರಸಂವೇದಿ ಕೇಂದ್ರದವರ ಡಿಜಿಟಲ್ ನಕ್ಷೆಗಳ ಸಂಗ್ರಹ ಕೆ-ಜಿಐಎಸ್ ಇದೆ. ಮೂಲಸೌಕರ್ಯ ಯೋಜನೆಗಳನ್ನು ಒಂದೇ ನಕ್ಷೆಯಲ್ಲಿ ಸೇರಿಸುವ ಕೇಂದ್ರದವರ ಗತಿಶಕ್ತಿ 2021ರಿಂದ ಇದೆ. ರಸ್ತೆ ಅಗೆಯುವ ಮುನ್ನ ಕೆಳಗೆ ಯಾರ ಕೇಬಲ್ ಇದೆ ಎಂದು ಕೇಳುವ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ 2023ರ ಮಾರ್ಚ್‌ನಲ್ಲಿ ಬಂತು. ಹೇಳದೆ ಕೇಳದೆ ಅಗೆಯುವುದರಿಂದ ದೇಶದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಕಡೆ ಫೈಬರ್ ಕೇಬಲ್ ಕತ್ತರಿಸಿಹೋಗುತ್ತದೆ, ಸುಮಾರು 3000 ಕೋಟಿ ರೂಪಾಯಿ ನಷ್ಟ ಎಂದು ಆಗ ಕೇಂದ್ರ ಸರ್ಕಾರವೇ ಹೇಳಿತು.

ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ನೆರೆ ಮಾದರಿ ಯಾವ ಬೀದಿಯಲ್ಲಿ ಎಷ್ಟು ಅಡಿ ನೀರು ನಿಲ್ಲುತ್ತದೆ ಎಂದು ಹೇಳಬಲ್ಲದು. ಆ ನೀರಲ್ಲಿ ಮುಳುಗುವ ಟ್ರಾನ್ಸ್‌ಫಾರ್ಮರ್ ಯಾವ ಪಂಪ್‌ಗೆ ಕರೆಂಟ್ ಕೊಡುತ್ತದೆ ಎಂದು ತಿಳಿಯಬೇಕಾದರೆ ವಿದ್ಯುತ್ತಿನವರು ಹೇಳಬೇಕು. ಆ ಪಂಪ್ ಹಿಂದೆ ಎಷ್ಟು ಮನೆಗಳಿವೆ ಎಂದು ಒಳಚರಂಡಿಯವರು ಹೇಳಬೇಕು. ಅಲ್ಲಿಗೆ ಜನರೇಟರ್ ಗಾಡಿ ಹೋಗುವ ದಾರಿ ಯಾವುದು ಎಂದು ಸಂಚಾರ ಪೊಲೀಸರು ಹೇಳಬೇಕು. ಇಷ್ಟು ಜನ ಒಟ್ಟಿಗೆ ಕೂರದೆ ಆ ಮಾದರಿ ಪೂರ್ತಿಯಾಗುವುದಿಲ್ಲ. ಎಷ್ಟೇ ದೊಡ್ಡ ಕಂಪ್ಯೂಟರ್ ತಂದರೂ, ಎಷ್ಟೇ ಬುದ್ಧಿವಂತರು ಲೆಕ್ಕ ಮಾಡಿದರೂ ಅಷ್ಟೇ.

ಒಟ್ಟಿಗೆ ಕೂರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಟೆಕ್ಸಸ್ ಸಾಕ್ಷಿ. 2021ರ ಫೆಬ್ರುವರಿಯಲ್ಲಿ ಅಲ್ಲಿ ಭೀಕರ ಚಳಿ ಬಿತ್ತು. ವಿದ್ಯುತ್ ಘಟಕಗಳೂ ಗ್ಯಾಸ್ ಬಾವಿಗಳೂ ಹೆಪ್ಪುಗಟ್ಟಿದವು. ಇಡೀ ಗ್ರಿಡ್ ಬಿದ್ದುಹೋಗದಿರಲಿ ಎಂದು ಊರೂರಿಗೆ ಕರೆಂಟ್ ತೆಗೆದರು. ಅಲ್ಲಿನ ಬಹಳಷ್ಟು ವಿದ್ಯುತ್ ಘಟಕಗಳು ಓಡುವುದು ನೈಸರ್ಗಿಕ ಅನಿಲದಿಂದ. ಆ ಅನಿಲವನ್ನು ಹೊರತೆಗೆದು ತಳ್ಳುವ ಯಂತ್ರಗಳಲ್ಲಿ ಎಷ್ಟೋ ಓಡುವುದು ಕರೆಂಟಿನಿಂದ. ಕರೆಂಟ್ ತೆಗೆದ ಫೀಡರ್‌ಗಳ ಮೇಲೆ ಈ ಯಂತ್ರಗಳೂ ಇದ್ದವು. ಅನಿಲ ಇನ್ನೂ ಕಡಿಮೆಯಾಯಿತು. ವಿದ್ಯುತ್ ಘಟಕಗಳು ಇನ್ನಷ್ಟು ನಿಂತವು. ‘ನಮ್ಮದು ಅಗತ್ಯ ಸೇವೆ, ನಮ್ಮ ಕರೆಂಟ್ ತೆಗೆಯಬೇಡಿ’ ಎಂದು ಮೊದಲೇ ತಿಳಿಸಲು ಒಂದು ಅರ್ಜಿ ನಮೂನೆ ಇತ್ತು. ಅನಿಲ ಕಂಪನಿಗಳಲ್ಲಿ ಬಹಳ ಮಂದಿ ಅದನ್ನು ತುಂಬಿಯೇ ಇರಲಿಲ್ಲ. ಸುಮಾರು 45 ಲಕ್ಷ ಮನೆ, ಅಂಗಡಿಗಳು ಕತ್ತಲಲ್ಲಿ ಕೂತವು. ರಾಜ್ಯ ಸರ್ಕಾರದ ಲೆಕ್ಕದಲ್ಲೇ 246 ಜನ ಸತ್ತರು. ಚಳಿಯೇ ಮೊದಲ ಕಾರಣ, ನಿಜ. ಆದರೆ ಎರಡು ಉದ್ಯಮಗಳ ನಡುವೆ ಓಡಾಡದ ಒಂದು ಕಾಗದ ಆ ಕಷ್ಟವನ್ನು ಹೆಚ್ಚಿಸಿತು.

ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ 2007ರ ಜುಲೈನಲ್ಲಿ ನಮ್ಮ ಟಿ.ಕೆ. ಹಳ್ಳಿಯಂಥದ್ದೇ ಆಯಿತು. ಮೈತ್ ಎಂಬಲ್ಲಿನ ನೀರು ಶುದ್ಧೀಕರಣ ಘಟಕಕ್ಕೆ ನೆರೆ ನುಗ್ಗಿತು. ಸುಮಾರು ಮೂರೂವರೆ ಲಕ್ಷ ಜನರ ನಲ್ಲಿ ಒಣಗಿತು. ಕೆಲವರಿಗೆ 17 ದಿನ. ಅದೇ ಹೊತ್ತಿಗೆ ಹತ್ತಿರದ ವಾಲ್ಹಮ್ ಸಬ್‌ಸ್ಟೇಷನ್ ಮುಳುಗುವ ಹಂತಕ್ಕೆ ಬಂದಿತ್ತು. ಸೈನಿಕರೂ ಅಗ್ನಿಶಾಮಕದವರೂ ಸೇರಿ ತಡೆಗೋಡೆ ಕಟ್ಟಿ ಉಳಿಸಿದರು. ಅದು ಹೋಗಿದ್ದರೆ ಸುಮಾರು ಐದು ಲಕ್ಷ ಜನರ ಕರೆಂಟ್ ಹೋಗುತ್ತಿತ್ತು. ಆಮೇಲೆ ಸರ್ಕಾರ ನೇಮಿಸಿದ ಪಿಟ್ ಸಮಿತಿ, ಅಗತ್ಯ ಸೇವೆ ನಡೆಸುವವರು ತಮ್ಮ ಮಾಹಿತಿಯನ್ನು ಪರಸ್ಪರ ಹಂಚಿಕೊಳ್ಳಬೇಕು ಎಂದು ಬಲವಾಗಿ ಹೇಳಿತು. ಆ ದಾರಿಯಲ್ಲೇ 2021ರಲ್ಲಿ ಕ್ರೆಡೊ ಎಂಬ ಯೋಜನೆ ಬಂತು. ಆಂಗ್ಲಿಯನ್ ವಾಟರ್ ಎಂಬ ನೀರಿನ ಕಂಪನಿ, ಬಿಟಿ ಎಂಬ ಫೋನ್ ಕಂಪನಿ, ಯುಕೆ ಪವರ್ ನೆಟ್‌ವರ್ಕ್ಸ್ ಎಂಬ ವಿದ್ಯುತ್ ಕಂಪನಿ ಮೂರೂ ತಮ್ಮ ಜಾಲದ ಮಾಹಿತಿಯನ್ನು ಒಂದು ಮಾದರಿಯಲ್ಲಿ ಜೋಡಿಸಿದವು. ನೆರೆ ಬಂದರೆ ಒಬ್ಬರ ಯಂತ್ರ ನಿಂತು ಇನ್ನೊಬ್ಬರದ್ದು ಹೇಗೆ ನಿಲ್ಲುತ್ತದೆ ಎಂದು ಒಟ್ಟಿಗೆ ನೋಡಿದವು. ನಿಜವಾದ ಮಾಹಿತಿಯನ್ನು ಭದ್ರವಾದ ಜಾಗದಲ್ಲಿ ಇಟ್ಟರು. ಸಾರ್ವಜನಿಕರಿಗೆ ತೋರಿಸಲು ಕೃತಕ ಮಾಹಿತಿ ಬಳಸಿದರು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಮಾಹಿತಿ ಕೇಳಿದಾಗಲೆಲ್ಲ ನಮಗೆ ಸಿಗುವ ಉತ್ತರ ಭದ್ರತೆ. ಅದು ಸುಳ್ಳು ನೆಪ ಎಂದು ನಾನು ಹೇಳುವುದಿಲ್ಲ. ಇಡೀ ಊರಿನ ನೀರಿನ ಕೊಳವೆ, ಸಬ್‌ಸ್ಟೇಷನ್ ಎಲ್ಲಿದೆ ಎಂಬ ವಿವರ ಯಾರ ಕೈಗೆ ಬೇಕಾದರೂ ಸಿಗಬಾರದು. ಆದರೆ ಜಲಮಂಡಳಿಯ ಎಂಜಿನಿಯರ್‌ಗೆ ಬೆಸ್ಕಾಂ ಎಂಜಿನಿಯರ್ ಹೊರಗಿನವರಲ್ಲ. ಇಬ್ಬರೂ ಒಂದೇ ಸರ್ಕಾರದ ಸಂಬಳ ತೆಗೆದುಕೊಳ್ಳುವವರು. ಮಾಹಿತಿ ಆಯಾ ಸಂಸ್ಥೆಯ ಹತ್ತಿರವೇ ಇರಲಿ. ಯಾರು, ಯಾವುದನ್ನು, ಯಾವಾಗ ನೋಡಬಹುದು ಎಂದು ನಿಯಮ ಬರೆಯಿರಿ. ನೋಡಿದವರ ದಾಖಲೆ ಇಡಿ. ಗುಟ್ಟು ಕಾಯುವುದಕ್ಕೂ ಸುಮ್ನೆ ಬೀರುವಿನಲ್ಲಿ ಬೀಗ ಹಾಕಿ ಇಡುವುದಕ್ಕೂ ವ್ಯತ್ಯಾಸ ಇದೆ.

ಇನ್ನೊಂದು ಅಳುಕೂ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮ ಡ್ರಾಯಿಂಗ್ ಕೊಟ್ಟರೆ ಅದರಲ್ಲಿನ ತಪ್ಪುಗಳು ಹೊರಗೆ ಬರುತ್ತವೆ, ನಾಳೆ ನಮ್ಮನ್ನೇ ಹೊಣೆ ಮಾಡುತ್ತಾರೆ ಎಂಬ ಅಳುಕು. ಇದನ್ನು ನಾನು ಎಷ್ಟೋ ಕಿರಿಯ ಎಂಜಿನಿಯರ್‌ಗಳ ಮುಖದಲ್ಲಿ ನೋಡಿದ್ದೇನೆ. ಹಾಗಾಗಿ ತಮ್ಮಲ್ಲಿ ಬೇಡಿಕೊಳ್ಳುವುದು, ಮಾಹಿತಿ ಹಂಚಿಕೊಂಡ ಕಾರಣಕ್ಕೆ ಯಾರಿಗೂ ನೋಟಿಸ್ ಹೋಗಬಾರದು. ಹಳೇ ಡ್ರಾಯಿಂಗ್‌ನಲ್ಲಿ ತಪ್ಪು ಇದೆ ಎಂದು ಮೊದಲು ಹೇಳಿದವರಿಗೆ ಶಹಭಾಸ್ ಸಿಗಬೇಕು. ಈ ಭರವಸೆ ತಮ್ಮ ಮಟ್ಟದಿಂದ ಲಿಖಿತವಾಗಿ ಬರದೆ ಕೆಳಗಿನವರು ಬೀರು ತೆಗೆಯುವುದಿಲ್ಲ.

ಇನ್ನು ಆ ಮೇಜಿನ ಸುತ್ತ ಯಾರಿರಬೇಕು? ಪ್ರಾಧಿಕಾರದ ಅಧ್ಯಕ್ಷರು ಸ್ವತಃ ಮುಖ್ಯಮಂತ್ರಿಗಳು. ಜಲಮಂಡಳಿ, ಬೆಸ್ಕಾಂ, ಮೆಟ್ರೊ, ಬಿಎಂಟಿಸಿ, ಬಿಡಿಎ ಮುಖ್ಯಸ್ಥರು ಸದಸ್ಯರು. ಇಷ್ಟು ಜನರನ್ನು ಒಂದೇ ಕಡೆ ಸೇರಿಸುವ ಅಧಿಕಾರ ಹಿಂದಿನ ಪಾಲಿಕೆಗೆ ಇರಲಿಲ್ಲ. ತಮಗಿದೆ. ಆದರೆ ಮುಖ್ಯಸ್ಥರು ಕೂತು ಎದ್ದರೆ ಸಾಲದು. ರಾಜ್ಯದ ವಿದ್ಯುತ್ ಪ್ರಸರಣ ನಿಗಮವಾದ ಕೆಪಿಟಿಸಿಎಲ್, ವಿಕೋಪ ಉಸ್ತುವಾರಿ ಕೇಂದ್ರ, ಮೊಬೈಲ್ ಕಂಪನಿಗಳು, ಗ್ಯಾಸ್ ಪೈಪಿನವರು, ದೊಡ್ಡ ಆಸ್ಪತ್ರೆಗಳು ಎಲ್ಲರೂ ಬೇಕು. ಟ್ಯಾಂಕರ್ ಮಾಲೀಕರೂ ಬೇಕು. 2024ರಲ್ಲಿ ಊರಿಗೆ ನೀರು ಹಂಚಿದವರಲ್ಲಿ ಅವರೂ ಇದ್ದರು. ಅವರನ್ನು ಬೈದರೆ ಮಾತ್ರ ಸಾಲದು, ಅವರ ಗಾಡಿಗಳು ಎಲ್ಲಿಂದ ತುಂಬಿಕೊಂಡು ಎಲ್ಲಿಗೆ ಹೋಗುತ್ತವೆ ಎಂಬುದು ಮಾದರಿಯಲ್ಲಿ ಇರಬೇಕು.

ಎಲ್ಲಕ್ಕಿಂತ ಮುಖ್ಯವಾಗಿ ವಾಲ್ವ್‌ಮ್ಯಾನ್‌ಗಳು ಮತ್ತು ಲೈನ್‌ಮ್ಯಾನ್‌ಗಳು. ನಮ್ಮ ಬಡಾವಣೆಗೆ ನೀರು ಬಿಡುವವರ ಜೊತೆ ಒಂದು ಬೆಳಗ್ಗೆ ಸುತ್ತಿದ್ದೆ. ಡ್ರಾಯಿಂಗ್‌ನಲ್ಲಿ ಇಲ್ಲದ ಎರಡು ವಾಲ್ವ್‌ಗಳನ್ನು ಅವರು ಮಣ್ಣು ಸರಿಸಿ ತೋರಿಸಿದರು. ಯಾವುದನ್ನು ಎಷ್ಟು ಸುತ್ತು ತಿರುಗಿಸಿದರೆ ಯಾವ ಬೀದಿಗೆ ನೀರು ಏರುತ್ತದೆ, ಯಾವ ವಾಲ್ವ್ ತುಕ್ಕು ಹಿಡಿದು ಕೂತಿದೆ, ಎಲ್ಲಿ ಹಳೇ ಪೈಪಿಗೆ ಹೊಸದನ್ನು ಸೇರಿಸಿದ್ದಾರೆ, ಎಲ್ಲವೂ ಅವರ ತಲೆಯಲ್ಲಿತ್ತು. ಅವರಲ್ಲಿ ಎಷ್ಟೋ ಮಂದಿ ಗುತ್ತಿಗೆ ನೌಕರರು. ಕೆಲಸ ಬಿಟ್ಟ ದಿನ ಆ ತಿಳಿವಳಿಕೆಯೂ ಅವರ ಜೊತೆ ಮನೆಗೆ ಹೋಗುತ್ತದೆ. ಕೋಟಿಗಟ್ಟಲೆ ಕೊಟ್ಟು ಸಾಫ್ಟ್‌ವೇರ್ ತರಿಸುವ ಮುಂಚೆ ಇವರ ಜೊತೆ ಒಬ್ಬ ನಕ್ಷೆಯವರನ್ನು ಕಳಿಸಿ ಎಲ್ಲವನ್ನೂ ಬರೆದುಕೊಳ್ಳಿ. ಅದಕ್ಕೆ ಅವರಿಗೆ ಪ್ರತ್ಯೇಕ ಭತ್ಯೆ ಕೊಡಿ. ಅವರ ಹೆಸರನ್ನು ದಾಖಲೆಯಲ್ಲಿ ಬರೆಯಿರಿ.

ನಗರದ ಹೊರಗಿನವರನ್ನೂ ಮರೆಯಬಾರದು. ಟಿ.ಕೆ. ಹಳ್ಳಿಗೆ ನುಗ್ಗಿದ ನೀರು ಬಿದ್ದಿದ್ದು ಬೆಂಗಳೂರಿನ ಮೇಲಲ್ಲ. ಅಲ್ಲಿನ ಕೆರೆ, ಹಳ್ಳಗಳನ್ನು ನೋಡಿಕೊಳ್ಳುವ ಪಂಚಾಯ್ತಿ ಮತ್ತು ಸಣ್ಣ ನೀರಾವರಿಯವರು ಸಂಜೆ ಒಂದು ಎಚ್ಚರಿಕೆ ಕೊಡುವ ವ್ಯವಸ್ಥೆ ಇದ್ದರೆ ಪಂಪ್‌ಹೌಸ್‌ನವರಿಗೆ ಕೆಲವು ಗಂಟೆ ಸಿಗುತ್ತದೆ. ಇನ್ನೊಂದು ತುದಿಯಲ್ಲಿ ಕೋಲಾರ ಇದೆ. 2018ರಿಂದ ಕೆ.ಸಿ. ವ್ಯಾಲಿಯ, ಅಂದರೆ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಅಲ್ಲಿನ ಕೆರೆಗಳಿಗೆ ಹೋಗುತ್ತಿದೆ. ಬೆಂಗಳೂರಿನಲ್ಲಿ ಕರೆಂಟ್ ಹೋಗಿ ಸಂಸ್ಕರಣಾ ಘಟಕ ನಿಂತರೆ ಅದರ ಪೆಟ್ಟು ಕೋಲಾರದ ರೈತರ ಕೆರೆಗೂ ತಟ್ಟುತ್ತದೆ. ಅವರಿಗೂ ಆ ಮೇಜಿನಲ್ಲಿ ಒಂದು ಕುರ್ಚಿ ಸಲ್ಲಬೇಕು.

ಈಗ ನನ್ನ ಕೋರಿಕೆಗಳು. ಇಡೀ ನಗರಕ್ಕೆ ಒಮ್ಮೆಲೇ ದೊಡ್ಡ ಯೋಜನೆ ಘೋಷಿಸಬೇಡಿ. ಅಂಥವು ಟೆಂಡರ್‌ನಲ್ಲೇ ಸಿಕ್ಕಿಹಾಕಿಕೊಳ್ಳುವುದನ್ನು ನಾವು ನೋಡಿದ್ದೇವೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯೊಂದನ್ನೇ ತೆಗೆದುಕೊಳ್ಳಿ. ಅದರ ಜೊತೆಗೆ ಟಿ.ಕೆ. ಹಳ್ಳಿಯಿಂದ ತಾತಗುಣಿವರೆಗಿನ ಪಂಪಿಂಗ್ ಸಾಲು. ಇಷ್ಟಕ್ಕೆ ಪ್ರತಿ ಸಂಸ್ಥೆಯಿಂದ ಒಬ್ಬ ಎಂಜಿನಿಯರ್ ಅನ್ನು ಪೂರ್ಣಾವಧಿಗೆ ಬಿಡಿಸಿಕೊಡಿ. ಅವರು ಒಂದೇ ಕೊಠಡಿಯಲ್ಲಿ ಕೂರಲಿ. ಇದನ್ನು ಹೆಚ್ಚುವರಿ ಹೊಣೆ ಎಂದು ಕೊಟ್ಟರೆ ಅದು ಯಾರ ಕೆಲಸವೂ ಆಗುವುದಿಲ್ಲ. ಮೊದಲ ಕೆಲಸ ಬಹಳ ಸರಳ. ಈ ಪಂಪ್ ಯಾವ ಫೀಡರ್ ಮೇಲಿದೆ, ಈ ಆಸ್ಪತ್ರೆಗೆ ಯಾವ ಟ್ಯಾಂಕಿನಿಂದ ನೀರು, ಈ ಟವರ್ ಬ್ಯಾಟರಿ ಎಷ್ಟು ಗಂಟೆ ಎಂದು ಒಂದು ಪಟ್ಟಿ ಮಾಡುವುದು. ಇದಕ್ಕೆ ವಿದೇಶದ ಸಾಫ್ಟ್‌ವೇರ್ ಬೇಡ, ಎಕ್ಸೆಲ್ ಸಾಕು. ಎತ್ತರಗಳನ್ನೆಲ್ಲ ಸಮುದ್ರ ಮಟ್ಟದ ಲೆಕ್ಕಕ್ಕೇ ತರಬೇಕು ಎಂದು ಒಂದು ಆದೇಶ ಹೊರಡಿಸಿ. ಪ್ರತಿ ಪಂಪ್, ಟ್ರಾನ್ಸ್‌ಫಾರ್ಮರ್, ವಾಲ್ವ್‌ಗೆ ಎಲ್ಲ ಸಂಸ್ಥೆಗಳೂ ಒಪ್ಪುವ ಒಂದೇ ನಂಬರ್ ಕೊಡಿ.

ಪಟ್ಟಿ ಆದ ಮೇಲೆ ಮಾದರಿ. ಅದನ್ನು ಯಾವುದೋ ಒಂದು ಕಂಪನಿಯ ಕೈಗೆ ಒಪ್ಪಿಸಿ, ಗುತ್ತಿಗೆ ಮುಗಿದ ಮೇಲೆ ತೆರೆಯಲಾಗದಂತೆ ಮಾಡಿಕೊಳ್ಳಬೇಡಿ. ಭಾರತೀಯ ವಿಜ್ಞಾನ ಸಂಸ್ಥೆ ಈ ಊರಿನಲ್ಲೇ ಇದೆ, ಎಂಜಿನಿಯರಿಂಗ್ ಕಾಲೇಜುಗಳಿವೆ. ಮಾದರಿ ಸರಿಯಿದೆಯೇ ಎಂದು ನೋಡಲು 2022ರ ಸೆಪ್ಟೆಂಬರ್ ಮಳೆಯನ್ನೇ ಅದಕ್ಕೆ ಕೊಡಿ. ಆ ವಾರ ನಿಜವಾಗಿ ನಿಂತ ಪಂಪ್, ಮುಳುಗಿದ ರಸ್ತೆ, ಸತ್ತ ಟವರ್‌ಗಳನ್ನು ಅದು ತೋರಿಸುತ್ತದೆಯೇ? ಇಲ್ಲದಿದ್ದರೆ ತಿದ್ದಿ. ಆ ವಾರದ ಫೋಟೊ, ವಿಡಿಯೊ, ವಾಟ್ಸ್ಆ್ಯಪ್ ಸಂದೇಶಗಳು ನಿವಾಸಿಗಳ ಸಂಘಗಳ ಹತ್ತಿರ ಇವೆ. ಯಾವ ಹೊತ್ತಿಗೆ ಎಲ್ಲಿ ಎಷ್ಟು ನೀರಿತ್ತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ. ಕೇಳಿದರೆ ಜನ ಕೊಡುತ್ತಾರೆ.

ಪ್ರತಿ ವರ್ಷ ಏಪ್ರಿಲ್‌ನಲ್ಲಿ, ಮುಂಗಾರಿಗೆ ಮುಂಚೆ, ಎಲ್ಲರೂ ಸೇರಿ ಒಂದು ದಿನದ ಅಣಕು ಕಾರ್ಯಾಚರಣೆ ಮಾಡಿ. ಇಂಥ ಸಬ್‌ಸ್ಟೇಷನ್ ಹೋಯಿತು, ಮುಂದೇನು ಎಂದು ಮೇಜಿನ ಮೇಲೆ ಆಡಿ ನೋಡಿ. ಯಾರ ಫೋನ್ ನಂಬರ್ ಯಾರ ಹತ್ತಿರ ಇಲ್ಲ ಎಂಬುದು ಅವತ್ತೇ ಗೊತ್ತಾಗುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಪ್ರತಿ ಮಳೆಗಾಲವೂ ನಮ್ಮ ಪಾಲಿಗೆ ನಿಜವಾಗುತ್ತಿದೆ. ಅಣಕು ಕಾರ್ಯಾಚರಣೆಯಲ್ಲಿ ಕಂಡ ಕೊರತೆಗಳನ್ನೂ ಅದಕ್ಕೆ ತಾವು ಕೊಟ್ಟ ಗಡುವನ್ನೂ ಸಾರ್ವಜನಿಕವಾಗಿ ಪ್ರಕಟಿಸಿ. ಗುಟ್ಟಾಗಿರಬೇಕಾದ ಜಾಗಗಳ ಹೆಸರು ಬಿಟ್ಟುಬಿಡಿ, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ನಮ್ಮ ವಾರ್ಡಿನಲ್ಲಿ ಕರೆಂಟ್ ಹೋದ ಮೇಲೆ ನೀರು ಎಷ್ಟು ಗಂಟೆ ಇರುತ್ತದೆ ಎಂದು ತಿಳಿಯುವ ಹಕ್ಕು ಅಲ್ಲಿನ ಜನರಿಗಿದೆ. ಅದು ಗೊತ್ತಿದ್ದರೆ ಆಕ್ಸಿಜನ್ ಮೇಲಿರುವವರನ್ನು ಮನೆಯವರು ಮೊದಲೇ ಬೇರೆ ಕಡೆ ಕರೆದುಕೊಂಡು ಹೋಗುತ್ತಾರೆ. ಅಪಾರ್ಟ್‌ಮೆಂಟ್‌ನವರು ನೆಲಮಾಳಿಗೆಯ ಎಲೆಕ್ಟ್ರಿಕ್ ಪ್ಯಾನೆಲ್ ಅನ್ನು ಮೇಲಕ್ಕೆ ಏರಿಸುತ್ತಾರೆ. ಗುಡಿಸಲು, ಶೆಡ್‌ಗಳಲ್ಲಿ ಇರುವ ಕೂಲಿ ಕುಟುಂಬಗಳಿಗೆ ಎಲ್ಲಿಗೆ ಹೋಗಬೇಕು ಎಂದು ಮುಂಚೆಯೇ ಹೇಳಬಹುದು. 2022ರಲ್ಲಿ ಟಿವಿಯವರು ಬಂಗಲೆಗಳ ಕಾರು ತೋರಿಸಿದರು. ನಮ್ಮ ಪಕ್ಕದ ಶೆಡ್‌ಗಳಲ್ಲಿ ರೇಷನ್ ಅಕ್ಕಿ ನೆನೆದು ಹೋದವರನ್ನು ಯಾರೂ ತೋರಿಸಲಿಲ್ಲ. ಮಾದರಿಯಲ್ಲಿ ಆ ಶೆಡ್‌ಗಳೂ ಇರಬೇಕು. ಇಲ್ಲದಿದ್ದರೆ ಮೊದಲ ಜನರೇಟರ್ ಎಲ್ಲಿಗೆ ಹೋಗಬೇಕು ಎಂಬ ತೀರ್ಮಾನವೇ ತಪ್ಪಾಗುತ್ತದೆ.

ಪ್ರಾಧಿಕಾರದ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಬೇಕೆಂದು, ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೆಲಸಕ್ಕೆ ಒಬ್ಬ ಅಧಿಕಾರಿಯನ್ನು ಹೆಸರಿಸಿ ಹೊಣೆ ವಹಿಸಬೇಕೆಂದು, ಅವರ ಕಚೇರಿ ಎಲ್ಲಿದೆ ಎಂದು ಸಾರ್ವಜನಿಕರಿಗೆ ತಿಳಿಸಬೇಕೆಂದು ಕೋರುತ್ತೇನೆ. ನಮ್ಮ ಭಾಗದ ನಿವಾಸಿಗಳ ಹತ್ತಿರ ಇರುವ 2022ರ ಫೋಟೊಗಳನ್ನು ಜಾಗ, ಸಮಯದ ಸಮೇತ ಜೋಡಿಸಿ ಅವರ ಕೈಗೆ ಒಪ್ಪಿಸಲು ನಾನು ಸಿದ್ಧ.

ಇಂತಿ ತಮ್ಮ ವಿಶ್ವಾಸಿ,
ಬೆಂಗಳೂರು ಪೂರ್ವ ಭಾಗದ ಒಬ್ಬ ನಿವಾಸಿ